ಬೆನ್ನಿಗೊಂದು ಬಾವಿ

ಆ ಬ್ಯಾಗನ್ನು ಮೊದಲ ಸಲ ಬೆನ್ನಿಗೇರಿಸಿ ಹೊರಗೆ ಬಂದಾಗ ಅತ್ತೆ ಕಟ್ಟೆ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ತಲೆ ಎತ್ತಿ ಕೇಳಿದರು: "ಯಾರ ಹೊಲಕ್ಕೆ ಔಷಧಿ ಹೊಡಿಯಾಕ್ ಹೊಂಟೀಯವ್ವ?"

ಅವರದೇನೂ ತಪ್ಪಿಲ್ಲ. ಬೆನ್ನ ಮೇಲೆ ಉಬ್ಬಿದ ಚೀಲ, ಹೆಗಲ ಮೇಲಿಂದ ಇಳಿಬಿದ್ದ ಪೈಪು, ಪೈಪಿನ ತುದಿಗೊಂದು ಮೂತಿ. ದಾವಣಗೆರೆ ಸುತ್ತಮುತ್ತ ಹಿಂಗೆ ಕಟ್ಟಿಕೊಂಡು ಓಡಾಡುವವರು ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವವರು ಮಾತ್ರ. ಇದು ಹೈಡ್ರೇಷನ್ ಬ್ಯಾಗು, ಒಳಗೆ ಎರಡು ಲೀಟರ್ ನೀರು ಹಿಡಿಯೋ ಚೀಲ ಇದೆ, ಪೈಪಿನ ಮೂತಿ ಕಚ್ಚಿ ಎಳೆದರೆ ನೀರು ಬರುತ್ತೆ ಅಂತ ವಿವರಿಸಿದೆ. "ತಂಬಿಗಿ ಏನ್ ಮಾಡಿತ್ತು ಪಾಪ" ಅಂದರು.

ಬ್ಯಾಗು ಕೊಟ್ಟಿದ್ದು ಬೆಂಗಳೂರಿನ ನನ್ನ ತಮ್ಮ. ಅವನು ಮ್ಯಾರಥಾನ್ ಓಡುತ್ತಾನೆ. ನಾನು ಓಡೋದು ಕುಕ್ಕರ್ ಸೀಟಿ ಲೆಕ್ಕ ತಪ್ಪಿದಾಗ. ಆದರೆ ಈಚೆಗೆ ನಮ್ಮ ಸ್ಟಾಫ್ ರೂಮಿನ ನಾಲ್ಕು ಜನ ಸೇರಿ ಭಾನುವಾರ ಬೆಟ್ಟ ಹತ್ತೋದು ಅಂತ ತೀರ್ಮಾನ ಮಾಡಿದ್ದೆವು. ಮೊದಲ ಗುರಿ ದುರ್ಗದ ಕೋಟೆ. ಅದಕ್ಕೂ ಮೊದಲು ಕುಂದವಾಡ ಕೆರೆ ಏರಿ ಮೇಲೆ ಟ್ರಯಲ್.

ಟ್ರಯಲ್ಲಿನಲ್ಲೇ ಗೊತ್ತಾಯಿತು. ಎರಡು ಲೀಟರ್ ನೀರು ಅಂದರೆ ಎರಡು ಕೆಜಿ. ಅಷ್ಟೂ ಭಾರ ಹೆಗಲ ಮೇಲಿನ ಎರಡು ಸಣ್ಣ ಪಟ್ಟಿಗಳ ಮೇಲೆ. ಪಟ್ಟಿ ಕೊರೆದು ಕೆಂಪಗೆ ಗೆರೆ ಬಿತ್ತು. ಎದೆ ಮೇಲೆ ಬರಬೇಕಾದ ಅಡ್ಡಪಟ್ಟಿ ಗಂಟಲಿಗೆ ಬಂದು ಕೂತಿತ್ತು. ಹೆಜ್ಜೆ ಹೆಜ್ಜೆಗೂ ಬೆನ್ನ ಹಿಂದೆ ಗುಳುಕ್ ಗುಳುಕ್. ಎದುರಿಗೆ ಬಂದವರೊಬ್ಬರು ನನ್ನ ಹೊಟ್ಟೆ ಕಡೆ ಅನುಮಾನದಿಂದ ನೋಡಿದರು. (ಗುಳುಕ್ಕಿಗೆ ಔಷಧಿ ತುಂಬಾ ಸುಲಭ. ನೀರು ತುಂಬಿದ ಮೇಲೆ ಚೀಲ ತಲೆಕೆಳಗು ಮಾಡಿ, ಪೈಪಿನಿಂದ ಒಳಗಿನ ಗಾಳಿಯನ್ನು ಹೀರಿ ತೆಗೆಯಬೇಕು. ಗಾಳಿ ಇಲ್ಲದಿದ್ದರೆ ಸದ್ದೂ ಇಲ್ಲ. ತಮ್ಮ ಇದನ್ನು ಹೇಳಿದ್ದು ಒಂದು ತಿಂಗಳ ಮೇಲೆ.)

ಹೆಗಲ ಪಟ್ಟಿಗೆ ಮೆತ್ತೆ ಹಾಕೋಣ ಅಂತ ಹಾಸಿಗೆ ಅಂಗಡಿಯಿಂದ ಸ್ಪಂಜಿನ ತುಂಡು ತಂದೆ. ಹಳೇ ಬ್ಲೌಸ್ ಪೀಸಿನಲ್ಲಿ ಸುತ್ತಿ ಹೊಲಿದೆ. ಆಹಾ, ಎಂಥ ಮೆತ್ತಗೆ! ಅರ್ಧ ಗಂಟೆ ಮಾತ್ರ. ಸ್ಪಂಜಿನ ಕೆಲಸವೇ ಹೀರೋದು ಅಲ್ವಾ? ಏಪ್ರಿಲ್ ಬಿಸಿಲಲ್ಲಿ ನನ್ನ ಬೆವರನ್ನೆಲ್ಲ ಅದು ಭಕ್ತಿಯಿಂದ ಕುಡಿಯಿತು. ಮನೆಗೆ ಬಂದು ಹಿಂಡಿದರೆ ಪಾತ್ರೆ ತಿಕ್ಕೋ ಸ್ಪಂಜಿನಂತೆ ಇಳಿಯಿತು. ವಾಸನೆ ಬಗ್ಗೆ ಬರೆಯೋದು ಬೇಡ.

ಬೆವರು ಕುಡಿಯದ ಮೆತ್ತೆ ಯಾವುದು? ಯೋಚಿಸುತ್ತಾ ಬಚ್ಚಲಿಗೆ ಹೋದೆ. ಬಾಗಿಲಲ್ಲಿ ಇವರ ಹವಾಯಿ ಚಪ್ಪಲಿ ಇತ್ತು. ಎಷ್ಟು ನೀರು ಬಿದ್ದರೂ ಒಳಗೆ ಬಿಟ್ಟುಕೊಳ್ಳಲ್ಲ. ಒಂದು ಚಪ್ಪಲಿಯನ್ನು ಉದ್ದಕ್ಕೆ ಸೀಳಿದರೆ ಎರಡು ಹೆಗಲಿಗೂ ಸಾಕು. ಸೀಳಿದೆ. ಮರುದಿನ ಇವರು ಒಂದು ಕಾಲಿಗೆ ಹವಾಯಿ, ಇನ್ನೊಂದಕ್ಕೆ ಮದುವೆ ಮನೆ ಚಪ್ಪಲಿ ಹಾಕಿಕೊಂಡು ಹಾಲು ತರೋಕೆ ಹೋದರು. ಪುಣ್ಯಾತ್ಮ, ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಜಾಸ್ತಿ ಹೆದರಿಕೆ ಆಯಿತು.

ಆಮೇಲೆ ಶುರುವಾಯಿತು ನೇತುಹಾಕೋ ಚಟ. ಬ್ಯಾಗಿನಲ್ಲಿ ನೀರಿನ ಚೀಲ ಬಿಟ್ಟರೆ ಬೇರೆ ಏನಕ್ಕೂ ಜಾಗ ಇಲ್ಲ. ಹೊರಗಡೆ ಕುಣಿಕೆಗಳಿದ್ದರೆ ಛತ್ರಿ, ಟವೆಲ್ಲು, ಲೋಟ ಎಲ್ಲ ಕಟ್ಟಬಹುದು. ಬ್ಯಾಗ್ ರಿಪೇರಿ ಅಂಗಡಿಯಿಂದ ಒಂದಿಂಚಿನ ನೈಲಾನ್ ಪಟ್ಟಿ ಎರಡು ಮೀಟರ್ ತಂದೆ. ಹೊಲಿಗೆ ಮಷಿನ್‌ಗೆ ಕೊಟ್ಟೆ. ಮಡಚಿದ ಪಟ್ಟಿ, ಅದರ ಕೆಳಗೆ ಬ್ಯಾಗಿನ ಬಟ್ಟೆ. ಟಕ್. ಸೂಜಿ ಮುರಿಯಿತು. ದಪ್ಪ ಸೂಜಿ ಹಾಕಿದೆ. ಟಕ್. ಮೂರನೆಯದು ಮುರಿದಾಗ ಮಷಿನ್ ಮುಚ್ಚಿಟ್ಟು, ಅತ್ತೆಯ ಹತ್ತಿರ ದಬ್ಬಣ ಕೇಳಿದೆ. ಜೋಳದ ಚೀಲ ಹೊಲಿಯೋದು ಅವರಿಗೆ ಗೊತ್ತಿದ್ದ ಕೆಲಸ. ದಬ್ಬಣ ಕೊಡುತ್ತಾ "ಒಳಗೇನಾದ್ರೂ ಐತೇನು ನೋಡ್ಕಾ" ಅಂದರು. ನಾನು ಹೂಂ ಅಂದೆ. ನೋಡಲಿಲ್ಲ.

ಒಳಗೆ ನೀರಿನ ಚೀಲ ಇತ್ತು.

ಗೊತ್ತಾಗಿದ್ದು ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ. ನೀರು ತುಂಬಿ ಎತ್ತಿದರೆ ನಾಲ್ಕು ಕಡೆ ಸಣ್ಣ ಕಾರಂಜಿ. ಪಂಕ್ಚರ್ ಅಂಗಡಿಗೆ ಒಯ್ದೆ. ಹುಡುಗ ಉತ್ಸಾಹದಿಂದ ಸೊಲ್ಯೂಷನ್ ಹಚ್ಚಿ ಪ್ಯಾಚ್ ಒತ್ತಿದ. ಸೈಕಲ್ ಟ್ಯೂಬ್ ರಬ್ಬರಿನದು, ಇದು ಪ್ಲಾಸ್ಟಿಕ್ಕು. ಸಂಜೆಗೆ ಪ್ಯಾಚ್ ಒಣಗಿದ ಎಲೆಯಂತೆ ಉದುರಿತು. ಹೊಸ ಚೀಲ ತರಿಸಿದೆ.

ಕೊನೆಗೆ ಹೋಗಿದ್ದು ನಮ್ಮ ಬೀದಿ ಕೊನೆಯಲ್ಲಿ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರ. ಮೊದಲೇ ಹೋಗಬೇಕಿತ್ತು. ಬ್ಯಾಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಗಲಲ್ಲಿದ್ದ ಹವಾಯಿ ಚಪ್ಪಲಿಯನ್ನು ಗುರುತಿಸಿದರು. ಏನೂ ಅನ್ನಲಿಲ್ಲ. "ಎಲ್ಲಿ ನೋಯ್ತದ್ರಿ ಮೇಡಂ?" ಅಂದರು. ತೋರಿಸಿದೆ. "ಖಾಲಿ ಚೀಲ ತಂದು ನೋಯ್ತದೆ ಅಂದ್ರ ಹೆಂಗ್ರಿ? ನೀರು ತುಂಬಿಸ್ಕೊಂಡ್ ಬರ್ರಿ."

ತುಂಬಿಸಿಕೊಂಡು ಹೋದೆ. ನಡೆದು ತೋರಿಸಿ ಅಂದರು. ಬೇವಿನ ಮರದಿಂದ ಹಾಲಿನ ಬೂತಿನವರೆಗೆ ಎರಡು ಸಲ ನಡೆದೆ. ಹಾಲಿಗೆ ಬಂದವರೆಲ್ಲ ನಿಂತು ನೋಡಿದರು. ಅಜ್ಜ ಬಳಪದಿಂದ ಪಟ್ಟಿ ಮೇಲೆ ಗುರುತು ಹಾಕಿದರು. ಎದೆಪಟ್ಟಿಯನ್ನು ನಾಲ್ಕು ಬೆರಳು ಕೆಳಗೆ ಇಳಿಸಿದರು. ಸೊಂಟಕ್ಕೊಂದು ಹೊಸ ಪಟ್ಟಿ ಕೊಟ್ಟರು, ಭಾರ ಹೆಗಲಿಂದ ಸೊಂಟಕ್ಕೆ ಇಳೀಲಿ ಅಂತ. ಪಟ್ಟಿಯ ತುದಿ ಎಳೆ ಬಿಡದಂತೆ ಬೆಂಕಿಕಡ್ಡಿ ಗೀರಿ ಕರಗಿಸಿದರು. ದಾರಕ್ಕೆ ಮೇಣ ಸವರಿದರು. ಒಂದೊಂದು ಕುಣಿಕೆಗೂ ಮೊದಲು ಚೌಕಾಕಾರದ ಹೊಲಿಗೆ, ಆಮೇಲೆ ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಹೊಲಿಯೋ ಮುಂಚೆ ನೀರಿನ ಚೀಲ ಹೊರಗೆ ತೆಗೆದಿಟ್ಟಿದ್ದರು ಅನ್ನೋದನ್ನು ಬೇರೆ ಹೇಳಬೇಕಿಲ್ಲ.

"ಎಷ್ಟು ಕುಣಿಕೆ ಬೇಕ್ರಿ?"

"ಏಳು ಸುತ್ತಿನ ಕೋಟೆಗೆ ಹೋಗ್ತಿದೀನಿ. ಏಳು ಇರಲಿ."

ದಾವಣಗೆರೆಯಿಂದ ದುರ್ಗಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ. 1997ರವರೆಗೆ ನಮ್ಮೂರೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಹಂಗಾಗಿ ಅತ್ತೆಗೆ ದುರ್ಗ ಅಂದರೆ ಈಗಲೂ ಕೋಟೆಯಲ್ಲ, ಪಹಣಿ ತಿದ್ದಿಸೋಕೆ ಅಲೆದ ಊರು. ಏಳು ಕುಣಿಕೆಯಲ್ಲಿ ಛತ್ರಿ, ಸ್ಟೀಲ್ ಲೋಟ, ಟವೆಲ್ಲು, ಟೋಪಿ, ಟಾರ್ಚು, ಸುತ್ತಿದ ಚಾಪೆ, ಖಾರ ಮಂಡಕ್ಕಿಯ ಕವರು ನೇತಾಡಿದವು. ಪೈಪನ್ನು ಹೆಗಲಿಗೆ ಬಟ್ಟೆ ಒಣಹಾಕೋ ಕ್ಲಿಪ್ಪಿನಿಂದ ಕಚ್ಚಿಸಿದ್ದೆ. ನಡೆದರೆ ಪಾತ್ರೆ ಅಂಗಡಿಯೇ ಹೊರಟಂತೆ ಸದ್ದು. ಆದರೆ ಹೆಗಲು ನೋಯಲಿಲ್ಲ.

ಓಬವ್ವನ ಕಿಂಡಿವರೆಗೂ ಎಲ್ಲ ಚೆನ್ನಾಗಿತ್ತು. ಬಗ್ಗಿ ಕಿಂಡಿಗೆ ನುಗ್ಗಿದೆ. ತಲೆ ಹೋಯಿತು, ಹೆಗಲು ಹೋಯಿತು, ಬ್ಯಾಗು ನಿಂತಿತು. ಅಡ್ಡ ಕಟ್ಟಿದ್ದ ಛತ್ರಿ ಎರಡೂ ಬದಿಯ ಬಂಡೆಗೆ ಗಟ್ಟಿಯಾಗಿ ಒತ್ತಿ ಕೂತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎದೆಪಟ್ಟಿ, ಸೊಂಟಪಟ್ಟಿ ಬಿಚ್ಚೋಣ ಅಂದರೆ ಕೈ ಮಡಚೋಕೆ ಜಾಗ ಇಲ್ಲ. ಜಗ್ಗಿದೆ. ಅಜ್ಜನ ಹೊಲಿಗೆ, ಒಂದೇ ಒಂದು ಎಳೆ ಬಿಚ್ಚಲಿಲ್ಲ.

ಆ ಕಡೆ ಗೈಡ್ ಒಬ್ಬರು ಯಾರಿಗೋ ಕಥೆ ಹೇಳುತ್ತಿದ್ದರು: "ಹೈದರಾಲಿ ಸೈನಿಕರು ಒಬ್ಬೊಬ್ಬರಾಗಿ ಇದೇ ಕಿಂಡಿಯಿಂದ ನುಸುಳಿದ್ರು."

"ಒಬ್ರು ಇನ್ನೂ ಅಲ್ಲೇ ಇದಾರೆ" ಅಂದಿತು ಒಂದು ಮಗುವಿನ ದನಿ.

ಸದ್ಯ, ಒನಕೆ ಯಾರ ಕೈಲೂ ಇರಲಿಲ್ಲ. ಗೆಳತಿಯರು ಹಿಂದಿನಿಂದ ಛತ್ರಿ ಎಳೆದು ತೆಗೆದ ಮೇಲೆ ನಾನು ಬಾಟಲಿ ಬಿರಡೆಯಂತೆ ಹೊರಬಿದ್ದೆ.

ಸುಧಾರಿಸಿಕೊಳ್ಳೋಣ ಅಂತ ಬ್ಯಾಗನ್ನು ಬಂಡೆ ಮೇಲಿಟ್ಟು ಕೆಳಗೆ ಕೂತೆ. ಕೋಟೆಯ ಮಂಗಗಳು ಇದಕ್ಕೇ ಕಾಯುತ್ತಿದ್ದವೋ ಏನೋ. ಒಂದು ಬಂದು ಮಂಡಕ್ಕಿ ಕವರನ್ನು ಕುಣಿಕೆಯಿಂದ ನಾಜೂಕಾಗಿ ಬಿಡಿಸಿಕೊಂಡಿತು. ಖಾರ ಮಂಡಕ್ಕಿ. ಎರಡು ಮುಕ್ಕು ತಿಂದು ಮುಖ ಕಿವಿಚಿತು. ಪೈಪು ಕಣ್ಣಿಗೆ ಬಿತ್ತು. ಮೂತಿ ಕಚ್ಚಿತು. ಚೀಲ ಮೇಲೆ, ಬಾಯಿ ಕೆಳಗೆ, ನೀರು ತಾನಾಗೇ ಇಳಿಯಿತು. ಅದು ಕಣ್ಣು ಮುಚ್ಚಿ ಕುಡಿಯಿತು. ನನಗೆ ಪೈಪು ಕಚ್ಚೋದು ಕಲಿಯೋಕೆ ಎರಡು ದಿನ ಬೇಕಾಗಿತ್ತು.

ಮನೆಗೆ ಬಂದು ಪೈಪಿನ ಮೂತಿಯನ್ನು ಬಿಸಿನೀರಲ್ಲಿ ಮೂರು ಸಲ ತಿಕ್ಕಿ ತೊಳೆದೆ. ಅತ್ತೆ ನೋಡುತ್ತಿದ್ದರು. ಗೆಳತಿ ಕಳಿಸಿದ್ದ ವಿಡಿಯೋವನ್ನು ಇವರು ಆಗಲೇ ತೋರಿಸಿದ್ದರು ಅಂತ ಕಾಣುತ್ತೆ.

ಮುಂದಿನ ಭಾನುವಾರ ಬೆಳಗ್ಗೆ ಬ್ಯಾಗು ಎತ್ತಿಕೊಂಡರೆ ಒಂದು ಕಡೆ ಭಾರ. ಏಳನೇ ಕುಣಿಕೆಯಲ್ಲಿ ಅತ್ತೆಯ ಸಣ್ಣ ಹಿತ್ತಾಳೆ ತಂಬಿಗೆ, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿತ್ತು.