ಸ್ಟಿಕರ್ ಮ್ಯಾಲ 450, ಒಳಗ 192

ನಿನ್ನಿ ರಾತ್ರಿ ಹನ್ನೊಂದರ ತನಕ ನಮ್ಮ ಅಕ್ಕನ ಮಗನ ಕಂಪ್ಯೂಟರ್ ಬಿಚ್ಚಕೊಂಡು ಕುಂತಿದ್ದೆ. ಮುಂಜಾನಿ ಎದ್ದರೂ ಸಿಟ್ಟು ಇಳದಿಲ್ಲ, ಅದಕ್ಕ ಬರಿಲತ್ತೀನಿ, ಉದ್ದ ಆಗ್ತದ.

ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷ. ಈ ಸಲ ತೊಗರಿ ಮಾರಿದ ರೊಕ್ಕದಾಗ ನಮ್ಮ ಭಾವ 65 ಸಾವಿರ ಎತ್ತಿ ಕೊಟ್ಟಾರ, ಓದ್ಲಿಕ್ಕೂ ಆತು ಆಡ್ಲಿಕ್ಕೂ ಆತು ಅಂತ. ಇಲ್ಲೇ ಕಲಬುರಗ್ಯಾಗ ಒಂದು ದುಕಾನದಾಗ ಜೋಡಿಸಿಕೊಂಡ ಬಂದಾನ. ಐ5 12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ಎಲ್ಲಾ ಛಲೋನೇ ಅದಾವ. ಆದ್ರ "ಮಾಮಾ, ಗೇಮ್ ಹಚ್ಚಿದ್ರ ಐದು ನಿಮಿಷಕ್ಕ ಫಟ್ ಅಂತ ಬಂದ್ ಆಗ್ತದ್ರಿ" ಅಂತ ಮಾರಿ ಸಣ್ಣ ಮಾಡಕೊಂಡು ಬಂದ. ದುಕಾನದವರು ಎರಡು ಸಲ ವಿಂಡೋಸ್ ಹೊಡದು ಕೊಟ್ಟಾರ, ಸಲಕ್ಕ ಮುನ್ನೂರು ತೊಗೊಂಡಾರ, ಮೂರನೇ ಸಲ ರ‍್ಯಾಮ್ ಖರಾಬ್ ಅದ ಅಂದಾರ.

ಬಾಜೂಕಿನ ಗಾಜು ತೆಗದೆ. ಬಣ್ಣದ ಲೈಟಿಂದು ನಾಲ್ಕು ಫ್ಯಾನ್. ಅವರು ಕೊಟ್ಟ ಬಿಲ್ಲಿನಾಗ ಎಸ್‌ಎಂಪಿಎಸ್‌ಗಿ, ಅಂದ್ರ ಮನಿ ಕರೆಂಟ್ ತೊಗೊಂಡು ಮಷೀನಿಗಿ ಬೇಕಾದ ವೋಲ್ಟಿಗಿ ಇಳಿಸಿ ಕೊಡೋ ಡಬ್ಬಿಗಿ, ಬ್ಯಾರೆ ಸಾಲೇ ಇಲ್ಲ, "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಒಂದೇ ಸಾಲು. ಅಲ್ಲೇ ನನಗ ಗೊತ್ತಾತು. ನಾಲ್ಕು ಸ್ಕ್ರೂ ಬಿಚ್ಚಿ ಹೊರಗ ತೆಗದು ಕೈಯಾಗ ಹಿಡದ್ರ ಖಾಲಿ ಡಬ್ಬಿ ಹಿಡದಂಗ, ತೂಕನೇ ಇಲ್ಲ. ಮ್ಯಾಲ ದೊಡ್ಡ ಅಕ್ಷರದಾಗ 450 ವಾಟ್. ಕೆಳಗ ಸಣ್ಣ ಅಕ್ಷರದಾಗ ಒಂದು ಕೋಷ್ಟಕ ಇರ್ತದ ನೋಡ್ರಿ, ಅದನ್ನ ಯಾರೂ ಓದಲ್ಲ. +12 ವೋಲ್ಟಿಗಿ 16 ಆಂಪಿಯರ್ ಅಂತ ಬರದಾರ. ಗುಣಿಸ್ರಿ, 192 ವಾಟ್. 5 ವೋಲ್ಟಿಂದು 15 ಆಂಪಿಯರ್, 3.3 ವೋಲ್ಟಿಂದು 14, ಅವನ್ನೂ ಕೂಡಿಸಿದ್ರ ಒಟ್ಟು 313 ಆಗ್ತದ. 450 ಎಲ್ಲಿಂದ ಬಂತು? ಅವರೇ ಹಚ್ಚಿದ ಸ್ಟಿಕರಿನಾಗ ಅವರೇ ಬರದ ಲೆಕ್ಕ ಕೂಡಲ್ಲ!

ಈಗಿನ ಗೇಮಿಂಗ್ ಮಷೀನಿನಾಗ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣೋದು ಈ 12 ವೋಲ್ಟಿನ ತಾಟಿನಾಗೇ. 3060 ಒಂದಕ್ಕೇ 170 ವಾಟ್ ಬೇಕು, ಆ ಪ್ರೊಸೆಸರ್ ಪೂರಾ ಜೋರಿನಾಗ ಓಡಿದ್ರ 117 ತನಕ ಹೋಗ್ತದ, ಬೋರ್ಡು ಫ್ಯಾನು ಎಸ್‌ಎಸ್‌ಡಿ ಅಂತ ಇನ್ನೊಂದು ನಲವತ್ತೈವತ್ತು ಹಿಡೀರಿ, 330ರ ಆಸುಪಾಸು ಆತು. ಅದರ ಮ್ಯಾಲ ಕಾರ್ಡು ಕಣ್ಣು ಮುಚ್ಚಿ ತೆಗೆಯೋದ್ರಾಗ ಒಮ್ಮೆ 170 ದಾಟಿ ಜಗ್ಗಿ ಮತ್ತ ಇಳೀತದ, ಅದನ್ನೂ ತಡೀಬೇಕು. 192ರ ಡಬ್ಬಿ ಅದನ್ನ ಹೆಂಗ ಹೊರಬೇಕು? ಈ ಕಾರ್ಡಿಗಿ 550 ವಾಟಿನ ಎಸ್‌ಎಂಪಿಎಸ್ ಇಡ್ರಿ ಅಂತ ಈ ಕಾರ್ಡಿನ ಕಂಪನಿ ಎನ್‌ವಿಡಿಯಾದವರೇ ಬರದಾರ. ಹುಡುಗನ ರ‍್ಯಾಮಿಗಿ ಏನೂ ಆಗಿಲ್ಲ.

ಇನ್ನೊಂದು ಕೇಳ್ರಿ. ಕಾರ್ಡಿಗಿ ಎಂಟು ಪಿನ್ನಿನ ವೈರ್ ಬೇಕು, ಈ ಡಬ್ಬಿಗಿ ಅದು ಇಲ್ಲೇ ಇಲ್ಲ. ಹಳೇ ಹಾರ್ಡ್ ಡಿಸ್ಕಿಗಿ ಹಾಕ್ತಿದ್ದ ನಾಲ್ಕು ಪಿನ್ನಿನ ಮೊಲೆಕ್ಸ್ ಎರಡು ತೊಗೊಂಡು ಕನ್ವರ್ಟರ್ ಹಾಕಿ ಜೋಡಿಸ್ಯಾರ. ಗೇಮ್ ಹಚ್ಚಿಸಿ ಆ ಹಳದಿ ವೈರ್ ಮುಟ್ಟಿದೆ, ಹಂಚಿನ ಮ್ಯಾಲಿಂದ ಆಗಷ್ಟೇ ತೆಗದ ರೊಟ್ಟಿ ಮುಟ್ಟಿದಂಗ ಆತು, ಕೈ ಹಿಂದಕ್ಕ ಜಗ್ಗಿದೆ. ಬಿಳಿ ಪ್ಲಾಸ್ಟಿಕ್ ಆಗಲೇ ಕಂದು ಬಣ್ಣಕ್ಕ ತಿರುಗ್ಯದ. ಹುಡುಗ ಅದನ್ನ ಮಂಚದ ಬಾಜೂಕ ಇಟ್ಟಕೊಂಡು ಮಲಗ್ತಾನ್ರಿ. ಮನ್ಯಾಗ ಅಕ್ಕ ಅದಾಳ.

"ನಂದು ಅಂಥದ್ದೇ ಅದ, ಆರು ವರ್ಷ ಆತು, ಏನೂ ಆಗಿಲ್ಲ" ಅಂತ ಯಾರರೇ ಬರೀತೀರಿ, ಗೊತ್ತದ ನನಗ. ನಮ್ಮ ಲ್ಯಾಬಿನಾಗೂ ಅಂಥ ಮಷೀನ್ ಅದಾವ, ನಡದಾವ. ಯಾಕ ನಡದಾವ ಅಂದ್ರ ಅವಕ್ಕ ಗ್ರಾಫಿಕ್ಸ್ ಕಾರ್ಡೇ ಇಲ್ಲ, ಇಡೀ ಮಷೀನ್ ನೂರು ವಾಟೂ ತಿನ್ನಲ್ಲ. ಟೈಪ್ ಮಾಡೋ ಮಷೀನಿನ ಲೆಕ್ಕ ತಂದು ಗೇಮಿಂಗ್ ಮಷೀನಿಗಿ ಹಚ್ಚಬ್ಯಾಡ್ರಿ. ಮತ್ತ ನಮ್ಮೂರಿನ ಬಿಸಿಲು ನೆನಸ್ರಿ, ಏಪ್ರಿಲ್ ಮೇ ತಿಂಗಳಾಗ 42 ದಾಟ್ತದ, ಒಳಗ ಕಾವು ಏರಿದಂಗ ಎಸ್‌ಎಂಪಿಎಸ್‌ಗಿ ಹೊರೋ ತಾಕತ್ತು ಕಮ್ಮಿ ಆಗ್ತದ.

ಇಷ್ಟು ಸಿಟ್ಟು ನನಗ ಯಾಕ ಅಂದ್ರ, 2015ರಾಗ ನಾನೂ ಇದೇ ಮಾಡೀನಿ. ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್ ತೊಗೊಂಡೆ, ರೊಕ್ಕ ತೀರಿತ್ತು, ಏಳುನೂರು ರೂಪಾಯಿದು ಎಸ್‌ಎಂಪಿಎಸ್ ಹಾಕಿದೆ. ಒಂದು ದಿನ ಸಂಜಿಗಿ ಕರೆಂಟ್ ಹೋಗಿ ಬಂತು, ಟಪ್ ಅಂತು, ಸುಟ್ಟ ವಾಸನಿ. ಅದು ಒಂದೇ ಹೋಗಿದ್ರ ಹೋಗ್ಲಿ, ಬೋರ್ಡೂ ಹಾರ್ಡ್ ಡಿಸ್ಕೂ ಕರಕೊಂಡು ಹೋತು. ಆ ಡಿಸ್ಕಿನಾಗ ನಮ್ಮ ಆಯಿ ಹಾಡಿದ ಬೀಸೋ ಪದ ಇದ್ವು, ಮೊಬೈಲಿನಾಗ ನಾನೇ ರೆಕಾರ್ಡ್ ಮಾಡಿದ್ದು, ಹನ್ನೊಂದು ಪದ. ಅದಕ್ಕೂ ಎರಡು ವರ್ಷ ಮೊದಲೇ ಆಯಿ ತೀರಕೊಂಡಿದ್ದಳು. ಡಿಸ್ಕ್ ತೊಗೊಂಡು ಹೈದರಾಬಾದಿಗಿ ಹೋದೆ, ಡೇಟಾ ಬರಲ್ಲ ಅಂದ್ರು. ಇದನ್ನ ಮನ್ಯಾಗ ಇವತ್ತಿನ ತನಕ ಯಾರಿಗೂ ಹೇಳಿಲ್ಲ, ಅಕ್ಕ ಇದನ್ನ ಓದಿದ್ರ ಕ್ಷಮಾ ಮಾಡು.

ಛಲೋ ಎಸ್‌ಎಂಪಿಎಸ್ ಒಳಗ ವೋಲ್ಟೇಜ್ ಏರಿದ್ರ, ಶಾರ್ಟ್ ಆದ್ರ, ಲೋಡ್ ಮಿತಿ ದಾಟಿದ್ರ ತಾನೇ ಬಂದ್ ಆಗೋ ವ್ಯವಸ್ಥಾ ಇರ್ತದ, ಸತ್ತರೂ ತಾ ಒಂದೇ ಸಾಯಬೇಕು. ಆ ಏಳುನೂರರ ಡಬ್ಬ್ಯಾಗ ಸರ್ಕ್ಯೂಟ್ ಬೋರ್ಡಿನ ಮ್ಯಾಲ ಬಿಡಿಭಾಗದ ಗುರ್ತು ಅಷ್ಟೇ ಇದ್ವು, ಭಾಗ ಹಾಕಿರಲಿಲ್ಲ. ಬಿಚ್ಚಿ ಕಣ್ಣಾರೆ ನೋಡೀನಿ.

ಹಂಗಂತ 850 ವಾಟಿಂದು ತೊಗೋರಿ ಅಂತ ಹೇಳ್ಲತ್ತಿಲ್ಲ, ಕಮ್ಮಿ ರೊಕ್ಕದ ಹುಡುಗರಿಗಿ ಅದೂ ದಂಡ. ಇಂಥ ಮಷೀನಿಗಿ ಖರೇ 550 ಸಾಕು, 12 ವೋಲ್ಟಿಂದೇ 43-45 ಆಂಪಿಯರ್ ಇರಬೇಕು, ಎಂಟು ಪಿನ್ನಿನ ವೈರ್ ಅದರದ್ದೇ ಬರಬೇಕು, ಮೂರರಿಂದ ಐದು ವರ್ಷ ವಾರಂಟಿ ಬರಬೇಕು. 80 ಪ್ಲಸ್ ಬ್ರಾಂಜ್ ಅಂತ ಇದ್ರ ಛಲೋ, ಆದ್ರ ಅದು ಕರೆಂಟ್ ಎಷ್ಟು ವೇಸ್ಟ್ ಆಗ್ತದ ಅನ್ನೋದರ ಗುರ್ತು, ಒಳಗಿನ ಸಾಮಾನಿನ ಗ್ಯಾರಂಟಿ ಅಲ್ಲ, ಅದೊಂದನ್ನೇ ನೋಡಿ ತೊಗೋಬ್ಯಾಡ್ರಿ. ದೊಡ್ಡದು ಹಾಕಿದ್ರ ಕರೆಂಟ್ ಬಿಲ್ಲು ಹೆಚ್ಚಿಗಿ ಬರ್ತದ ಅನ್ನೋದೂ ಸುಳ್ಳು, ಮಷೀನಿಗಿ ಬೇಕಾದಷ್ಟೇ ಜಗ್ಗತದ. ನಾಲ್ಕು ಸಾವಿರದ ಆಸುಪಾಸಿನಾಗ ಸಿಗ್ತದ. ರೊಕ್ಕ ಸಾಲದಿದ್ರ ಗಾಜಿನ ಕ್ಯಾಬಿನೆಟ್ ಬಿಡ್ರಿ, ಬಣ್ಣದ ಫ್ಯಾನ್ ಬಿಡ್ರಿ, 3060 ಬಿಟ್ಟು 132 ವಾಟಿನ ಆರ್‌ಎಕ್ಸ್ 6600 ತೊಗೋರಿ. ಎಸ್‌ಎಂಪಿಎಸ್ ರೊಕ್ಕದಾಗ ಕೈ ಹಾಕಬ್ಯಾಡ್ರಿ.

ನಮ್ಮ ಲ್ಯಾಬಿನಾಗ ಸ್ಪೇರ್ ಇದ್ದ 550ರದ್ದು ತಂದು ರಾತ್ರಿನೇ ಹಾಕಿ ನೋಡಿದೆ. ಒಂದೂವರೆ ತಾಸು ಆಡಿದ, ಒಮ್ಮೆನೂ ಬಂದ್ ಆಗಲಿಲ್ಲ. ಆಡಿ ಎದ್ದು "ಮಾಮಾ, ಅಪ್ಪಗ ಇನ್ನೂ ನಾಲ್ಕು ಸಾವಿರ ಹೆಂಗ ಕೇಳ್ಲಿ" ಅಂದ. ಅವರಿಗಿ ಕೇಳೋದು ಬ್ಯಾಡ ಅಂತ ಹೇಳೀನಿ. ನಾಳೆ ಹನ್ನೊಂದಕ್ಕ ಆ ಡಬ್ಬಿ, ಆ ಕಂದು ತಿರುಗಿದ ಕನ್ವರ್ಟರ್, ಆ ಬಿಲ್ಲು ಮೂರೂ ತೊಗೊಂಡು ಇಬ್ಬರೂ ದುಕಾನಿಗಿ ಹೊಂಟೀವಿ.