ಹುಡುಗಿ ಬರೋದು ಇವತ್ತು ರಾತ್ರಿ, ಅನುದಾನ ಬರೋದು ಮುಂದಿನ ಮಾರ್ಚ್‌ಗೆ

ಇವತ್ತು ಬೆಳಿಗ್ಗೆ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಕೊನೆಯ ಮೊತ್ತದ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದರು. 1,84,000 ರೂಪಾಯಿ. ಅಕ್ಕಿ, ಬೇಳೆ, ಜೋಳ, ಎಣ್ಣೆ, ಸೋಪು, ಪ್ಯಾಡ್. ಏಳು ತಿಂಗಳ ಬಾಕಿ. "ಸರ್ಕಾರದ್ದು ಅಂತೀರಿ, ರೊಕ್ಕ ಯಾವಾಗ ಬರ್ತದ ಅಕ್ಕಾರ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಲೆ ತಗ್ಗಿಸಿಕೊಂಡು ಬಂದೆ. ಆಗಿನಿಂದ ಹೊಟ್ಟೆ ಉರಿಯುತ್ತಿದೆ.

ಮಾರಾಟಕ್ಕೆ ಒಳಗಾಗಿ ಬಿಡುಗಡೆಯಾದ ಹೆಣ್ಣುಮಕ್ಕಳು ಇರುವ ಒಂದು ಕೇಂದ್ರದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಒಂಬತ್ತು ವರ್ಷ ಆಯಿತು. ಊರಿನ ಹೆಸರು ಹೇಳುವುದಿಲ್ಲ. ಅವರು ಎಲ್ಲಿದ್ದಾರೆ ಅಂತ ಹೊರಗೆ ಗೊತ್ತಾಗಬಾರದು.

ಬಿಡುಗಡೆಯಾದ ಹುಡುಗಿಯನ್ನು ಕರೆದುಕೊಂಡು ಪೊಲೀಸ್ ಜೀಪು ಬರುವುದು ಸಾಮಾನ್ಯವಾಗಿ ರಾತ್ರಿ. ಕೈಯಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಇರುತ್ತದೆ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ ಪ್ರಕಾರ, ವಿಚಾರಣೆ ಮುಗಿದ ಮೇಲೆ ಆಕೆಯನ್ನು ಒಂದರಿಂದ ಮೂರು ವರ್ಷದವರೆಗೆ ಇಂಥ ಕೇಂದ್ರದಲ್ಲಿ ಇರಿಸಲು ನ್ಯಾಯಾಲಯ ಹೇಳಬಹುದು. ಜಾಗ ಇಲ್ಲ, ದುಡ್ಡಿಲ್ಲ ಅಂತ ನಾವು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ, ಹಾಕಿಕೊಳ್ಳುವುದೂ ಇಲ್ಲ. ಆ ಗಳಿಗೆಯಿಂದಲೇ ಅವಳಿಗೆ ಊಟ ಬೇಕು, ಬದಲಿಸಲು ಒಂದು ನೈಟಿ ಬೇಕು, ಬೆಳಿಗ್ಗೆ ಆಸ್ಪತ್ರೆಗೆ ಆಟೋ ಬೇಕು. ಆದೇಶಕ್ಕೆ ಸೀಲು, ಸಹಿ, ದಿನಾಂಕ ಎಲ್ಲಾ ಇರುತ್ತದೆ. ಖರ್ಚು ಯಾರು ಕೊಡಬೇಕು, ಯಾವಾಗ ಕೊಡಬೇಕು ಅನ್ನುವ ಒಂದು ಸಾಲು ಮಾತ್ರ ಇರುವುದಿಲ್ಲ.

ಯೋಜನೆ ಇಲ್ಲ ಅಂತಲ್ಲ. 2007ರಲ್ಲಿ ಕೇಂದ್ರ ಸರ್ಕಾರ ಇಂಥ ಹೆಣ್ಣುಮಕ್ಕಳಿಗಾಗಿಯೇ 'ಉಜ್ವಲ' ಶುರು ಮಾಡಿತು. ಆಮೇಲೆ 60:30:10 ಅಂತ ಹಂಚಿಕೆ ಬಂತು. ಕೇಂದ್ರದ್ದು 60, ರಾಜ್ಯದ್ದು 30, ಉಳಿದ 10 ಸಂಸ್ಥೆಯೇ ಹಾಕಬೇಕಿತ್ತು. ಈಗ ಉಜ್ವಲ, ಕಷ್ಟದಲ್ಲಿರುವ ಹೆಂಗಸರಿಗೆ ಆಶ್ರಯ ಕೊಡುವ ಸ್ವಾಧಾರ ಗೃಹ, ಎರಡನ್ನೂ ಸೇರಿಸಿ ಕೇಂದ್ರದ ಮಿಷನ್ ಶಕ್ತಿ ಯೋಜನೆಯಲ್ಲಿ 'ಶಕ್ತಿ ಸದನ' ಮಾಡಿದ್ದಾರೆ. ಹೆಸರು ಹೊಸದು, ಕಂತು ಬರುವ ರೀತಿ ಹಳೆಯದೇ. ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ನಮಗೆ. ಪ್ರತಿ ಮೆಟ್ಟಿಲಲ್ಲೂ ಹಿಂದಿನ ಹಣದ ಯುಸಿ ಕೇಳುತ್ತಾರೆ. ಯುಸಿ ಅಂದರೆ ದುಡ್ಡು ಖರ್ಚಾಗಿದೆ ಅಂತ ಕೊಡುವ ಪ್ರಮಾಣಪತ್ರ.

ಹೋದ ವರ್ಷ ಎರಡನೇ ಕಂತು ಖಾತೆಗೆ ಬಿದ್ದಿದ್ದು ಮಾರ್ಚ್ 28ಕ್ಕೆ. 31ರ ಒಳಗೆ ಖರ್ಚು ತೋರಿಸಬೇಕು, ಇಲ್ಲದಿದ್ದರೆ ವಾಪಸ್. ಆರು ತಿಂಗಳ ಊಟವನ್ನು ಮೂರು ದಿನದಲ್ಲಿ ಹಾಕಲು ಆಗುತ್ತದಾ? ಆರು ತಿಂಗಳು ಉದ್ರಿ ತಂದು ಹಾಕಿದ್ದೆವಲ್ಲ, ಆ ಬಾಕಿ ತೀರಿಸಿದೆವು. ಬಂತು ಆಕ್ಷೇಪಣೆ: "ಬಿಲ್ಲಿನ ದಿನಾಂಕ ಮಂಜೂರಾತಿಗಿಂತ ಹಿಂದಿನದು." ಹಿಂದಿನದೇ ಸ್ವಾಮಿ! ಅವರು ಊಟ ಮಾಡಿದ್ದೇ ಹಿಂದೆ! ಆ ಆಕ್ಷೇಪಣೆ ಇನ್ನೂ ತೀರಿಲ್ಲ. ಅದು ತೀರುವವರೆಗೆ ಯುಸಿ ಒಪ್ಪುವುದಿಲ್ಲ. ಯುಸಿ ಒಪ್ಪದೆ ಈ ವರ್ಷದ ಮೊದಲ ಕಂತು ಇಲ್ಲ.

ಹೋದ ತಿಂಗಳು ಕಡತ ಇನ್ನೊಂದು ಕಾರಣಕ್ಕೆ ವಾಪಸ್ ಬಂತು. ಎಲ್ಲರ ಆಧಾರ್ ಪ್ರತಿ ಬೇಕು, ಜೊತೆಗೆ ಊಟ ಮಾಡುತ್ತಿರುವ ಫೋಟೊ, ಮುಖ ಕಾಣುವಂತೆ. ನಮ್ಮಲ್ಲಿರುವ ಒಬ್ಬಳ ಆಧಾರ್ ಅವಳನ್ನು ಮಾರಿದವನ ಹತ್ತಿರವೇ ಇದೆ. ಅವಳಿಗೆ ಹತ್ತೊಂಬತ್ತು ವರ್ಷ, ಹೊರರಾಜ್ಯದವಳು. ವಾರ್ಡನ್ ಮೊಬೈಲ್ ಎತ್ತಿದ ಕೂಡಲೇ ತಟ್ಟೆ ಬಿಟ್ಟು ಎದ್ದಳು. ಹಿತ್ತಲಲ್ಲಿ ನೀರಿನ ಡ್ರಮ್ಮಿನ ಹಿಂದೆ ಹೋಗಿ ಕುಳಿತಳು. ಗಿರಾಕಿಗಳಿಗೆ ತೋರಿಸಲು ಅವಳ ಫೋಟೊ ತೆಗೆಯುತ್ತಿದ್ದರಂತೆ, ಹೀಗೇ ಮೊಬೈಲಲ್ಲಿ. ಆ ದಿನ ರಾತ್ರಿ ಊಟ ಮಾಡಲಿಲ್ಲ. ಕಲಸಿದ ಅನ್ನ ಹಾಗೇ ಒಣಗಿತ್ತು. ಒಂದು ಕಡೆ ಸಂತ್ರಸ್ತೆಯ ಗುರುತು ಬಯಲು ಮಾಡಬಾರದು ಅನ್ನುವ ಕಾನೂನು, ಇನ್ನೊಂದು ಕಡೆ ಮುಖ ಕಾಣುವ ಫೋಟೊ ಇಲ್ಲದಿದ್ದರೆ ಅಕ್ಕಿಗೆ ದುಡ್ಡಿಲ್ಲ ಅನ್ನುವ ಟೇಬಲ್. ನಾವು ಫೋಟೊ ಕಳಿಸಲಿಲ್ಲ. ಕಳಿಸುವುದೂ ಇಲ್ಲ.

ಸಂಸ್ಥೆಗಳಲ್ಲಿ ಕಳ್ಳರಿಲ್ಲವಾ ಅಂತ ಕೇಳುತ್ತೀರಿ. ಇದ್ದಾರೆ. 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಆಶ್ರಯಧಾಮದಲ್ಲಿ ಹೆಣ್ಣುಮಕ್ಕಳ ಮೇಲೆ ಎಂಥ ದೌರ್ಜನ್ಯ ನಡೆದಿತ್ತು ಅಂತ ಇಡೀ ದೇಶ ನೋಡಿದೆ. ಅಲ್ಲಿಗೂ ಸರ್ಕಾರದ ದುಡ್ಡು ಹೋಗುತ್ತಿತ್ತು. ಅದನ್ನು ಬಯಲಿಗೆ ತಂದಿದ್ದು ಯಾವ ಯುಸಿಯೂ ಅಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಹೋಗಿ ಆ ಮಕ್ಕಳ ಜೊತೆ ಕುಳಿತು ಮಾತಾಡಿದರು. ಅದಕ್ಕೇ ಗೊತ್ತಾಯಿತು. ನಮ್ಮಲ್ಲಿಗೂ ಬನ್ನಿ. ಹೇಳದೆ ಕೇಳದೆ ಬನ್ನಿ. ಅಕ್ಕಿ ಡಬ್ಬ ತೆಗೆದು ನೋಡಿ, ನಮ್ಮನ್ನು ಹೊರಗೆ ಕಳಿಸಿ ಹುಡುಗಿಯರ ಹತ್ತಿರ ಮಾತಾಡಿ. ಒಂಬತ್ತು ವರ್ಷದಲ್ಲಿ ಹಾಗೆ ಬಂದು ಕುಳಿತ ಅಧಿಕಾರಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಮೊದಲು ಕಂತು ತಡವಾದರೂ ಹೇಗೋ ನಡೆಯುತ್ತಿತ್ತು. ವಿದೇಶಿ ದೇಣಿಗೆ ಪಡೆಯುವ ಒಂದು ದೊಡ್ಡ ಸಂಸ್ಥೆ ನಮಗೆ ಕಟ್ಟಡದ ಬಾಡಿಗೆ ಕೊಡುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ತಿದ್ದುಪಡಿ ಆಯಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗೇ ಇಲ್ಲ. ನೇರವಾಗಿ ಅರ್ಜಿ ಹಾಕಿ ನೋಂದಣಿ ಮಾಡಿಸಿಕೊಳ್ಳುವ ಶಕ್ತಿ ನಮ್ಮಂಥ ಸಣ್ಣ ಕೇಂದ್ರಕ್ಕೆ ಎಲ್ಲಿದೆ? ಆ ಬಾಡಿಗೆ ನಿಂತಿತು.

ನಮ್ಮ ಆಪ್ತ ಸಮಾಲೋಚಕಿ ಎಂಟು ತಿಂಗಳು ಸಂಬಳ ಇಲ್ಲದೆ ಕೆಲಸ ಮಾಡಿದರು. ಮನೆಯಲ್ಲಿ ಇಬ್ಬರು ಮಕ್ಕಳು. ಕೊನೆಗೆ ಖಾಸಗಿ ಶಾಲೆಗೆ ಸೇರಿದರು. ಹೋಗುವ ದಿನ ಅತ್ತರು. ಅವರೊಬ್ಬರ ಹತ್ತಿರ ಮಾತ್ರ ಬಾಯಿ ಬಿಡುತ್ತಿದ್ದ ಹುಡುಗಿ ಈಗ ಯಾರ ಹತ್ತಿರವೂ ಮಾತಾಡುವುದಿಲ್ಲ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ನಾನು?

ಜುಲೈ 30, ಮಾನವ ಕಳ್ಳಸಾಗಣೆ ವಿರೋಧಿ ದಿನ ಬಂದರೆ ಮಾತ್ರ ಫೋನ್ ಮೇಲೆ ಫೋನ್. ಜಾಥಾಕ್ಕೆ ಜನ ಕಳಿಸಿ, ಬ್ಯಾನರ್ ಹಿಡಿಯಲು ಹುಡುಗಿಯರನ್ನು ಕಳಿಸಿ. ಹುಡುಗಿಯರನ್ನಾ? ಬೀದಿಯಲ್ಲಿ? ಅಂದೇ ಬಾಕಿ ಕಂತಿನ ಬಗ್ಗೆ ಕೇಳಿದೆ. "ಇವತ್ತು ಅದೆಲ್ಲಾ ಬೇಡ ಮೇಡಂ" ಅಂದರು.

ನಾವು ಕೇಳುತ್ತಿರುವುದು ಜಾಸ್ತಿ ಏನಲ್ಲ. ಹೋದ ವರ್ಷ ಎಷ್ಟು ಜನ ಇದ್ದರು ಅಂತ ಲೆಕ್ಕ ಇದೆಯಲ್ಲ, ಅದರ ಅರ್ಧ ಹಣ ಏಪ್ರಿಲ್‌ನಲ್ಲೇ ಹಾಕಿ. ಉಳಿದದ್ದನ್ನು ತಪಾಸಣೆ ಮಾಡಿ ಕೊಡಿ. ಕಡತ ನೋಡುವವರ ಸಂಬಳ ತಿಂಗಳು ತಿಂಗಳು ಬರುತ್ತದೆ, ಬರಲೇಬೇಕು. ಇವರ ಊಟ ಯಾಕೆ ವರ್ಷದ ಕೊನೆಗೆ?

ಗುರುವಾರ ಆ ಹತ್ತೊಂಬತ್ತರ ಹುಡುಗಿ ಬೇರೆ ಜಿಲ್ಲೆಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕು. ಜೊತೆಗೆ ಹೋಗುವ ವಾರ್ಡನ್‌ಗೆ ಸರ್ಕಾರಿ ಬಸ್ಸು ಉಚಿತ. ಅವಳಿಗೆ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು, ಅವಳ ಹತ್ತಿರ ಯಾವ ಚೀಟಿಯೂ ಇಲ್ಲ. ಪ್ರಯಾಣದ ಖಾತೆಯಲ್ಲಿ ಒಂದು ರೂಪಾಯಿ ಉಳಿದಿಲ್ಲ. ಟಿಕೆಟ್‌ಗೆ, ಮಧ್ಯಾಹ್ನದ ಊಟಕ್ಕೆ ಅಂತ ನನ್ನ ಪರ್ಸಿನಿಂದ 600 ರೂಪಾಯಿ ತೆಗೆದು ವಾರ್ಡನ್ ಕೈಗೆ ಕೊಟ್ಟಿದ್ದೇನೆ. ಬೆಳಿಗ್ಗೆ 5:30ಕ್ಕೆ ಬಸ್ಸು.