ಕಣ್ಣಿಗೆ ಎಣ್ಣೆ ಬಿಟ್ಟ ಕಥೆ

ಕ್ಯಾಮೆರಾವನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿದೆ. ಬೆಳಕನ್ನು ಒಳಬಿಡುವ ಶಟರ್ ತೆರೆಯಿತು. ಮುಚ್ಚಲೇ ಇಲ್ಲ.

ಲೆನ್ಸಿನೊಳಗಿಂದ ಅದು ನನ್ನನ್ನು ನೋಡುತ್ತಾ ಕೂತಿತು, ನಾನು ಅದನ್ನು ನೋಡುತ್ತಾ ಕೂತೆ. ಯಾರು ಮೊದಲು ರೆಪ್ಪೆ ಬಡಿಯುತ್ತಾರೆ ಅನ್ನೋ ಪಂದ್ಯದ ಹಾಗೆ. ಸೋತದ್ದು ನಾನೇ. ಆಮೇಲೆ ಯಾವಾಗಲೋ, ಮೇಜಿನ ಮೇಲಿಟ್ಟು ಬೇರೆ ಕೆಲಸಕ್ಕೆ ಎದ್ದಾಗ, ಹಿಂದಿನಿಂದ 'ಟಕ್' ಅಂತ ಮುಚ್ಚಿಕೊಂಡಿತು.

ಬೆಲ್ಲೋಸ್, ಅಂದರೆ ಲೆನ್ಸಿನ ಹಿಂದಿನ ಮಡಿಕೆ ಮಡಿಕೆಯ ತಿದಿ, ಮಡಿಸಿ ಜೇಬಿಗೆ ಹಾಕಿಕೊಳ್ಳಬಹುದಾದ ಹಳೇ ಕ್ಯಾಮೆರಾ ಅದು. ವಿಚಿತ್ರವೆಂದರೆ, ಅತಿ ವೇಗಕ್ಕೆ ಇಟ್ಟರೆ ಚೆನ್ನಾಗೇ ಓಡುತ್ತಿತ್ತು. ನಿಧಾನಕ್ಕೆ ಇಟ್ಟರೆ ಮಾತ್ರ ತಕರಾರು. ಓಡು ಅಂದರೆ ಓಡುತ್ತದೆ, ಮೆಲ್ಲಗೆ ನಡಿ ಅಂದರೆ ಬೀಳುತ್ತದೆ! ಇದಕ್ಕೇನು ಮದ್ದು? ಹೊಲಿಗೆ ಮೆಷಿನ್ ಎಣ್ಣೆ ಮನೆಯಲ್ಲೇ ಇತ್ತು. ಒಂದೇ ಒಂದು ತೊಟ್ಟು ಬಿಟ್ಟೆ. ಎರಡು ದಿನ ಹೊಸದರ ಹಾಗೆ ಕೆಲಸ ಮಾಡಿತು. ಮೂರನೇ ದಿನ ತೆರೆಯುವುದನ್ನೂ ನಿಲ್ಲಿಸಿತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಮನುಷ್ಯರಿಗೆ ಸರಿ. ಶಟರಿನ ಕಣ್ಣಿಗೆ ಅದು ಆಗಿಬರುವುದಿಲ್ಲ. ಒಳಗಿರುವ ರೆಪ್ಪೆಗಳು, ಅಂದರೆ ಬ್ಲೇಡುಗಳು, ಕಾಗದಕ್ಕಿಂತ ತೆಳು. ಐನೂರನೇ ಒಂದು ಸೆಕೆಂಡ್ ಎಂದರೆ, ಅವು ತೆರೆದು ಮುಚ್ಚಲು ಎರಡೇ ಮಿಲಿಸೆಕೆಂಡ್. ತಳ್ಳುವ ಸ್ಪ್ರಿಂಗೂ ಅಷ್ಟೇ ಪುಟ್ಟದು. ಒದ್ದೆಯಾದ ಎರಡು ಗಾಜಿನ ತುಂಡು ಒಂದಕ್ಕೊಂದು ಅಂಟುತ್ತವಲ್ಲ, ಎಣ್ಣೆ ಸವರಿದ ಬ್ಲೇಡುಗಳೂ ಹಾಗೇ. ಅವು ಒಣಗಿರಬೇಕು. ಪೂರ್ತಿ ಒಣಗಿರಬೇಕು.

ಹಾಗಾದರೆ ನಿಧಾನಕ್ಕೆ ಇಟ್ಟಾಗ ಮಾತ್ರ ಸಿಕ್ಕಿಕೊಳ್ಳುತ್ತಿದ್ದದ್ದು ಯಾಕೆ? ಆ ಒಂದು ಸೆಕೆಂಡನ್ನು ಎಣಿಸಲು ಒಳಗೊಂದು ಗಡಿಯಾರ ಕೂತಿದೆ. ಇನ್ನೂ ಹಿಂದಿನ ಕಾಲದ 'ಕಾಂಪೌಂಡ್' ಎಂಬ ಶಟರುಗಳು ಹಿತ್ತಾಳೆ ಸಿಲಿಂಡರಿನಲ್ಲಿ ಗಾಳಿ ಒತ್ತಿ ಹೊತ್ತು ಅಳೆಯುತ್ತಿದ್ದವು. 1912ರ ಸುಮಾರಿಗೆ ಜರ್ಮನಿಯಿಂದ ಬಂದ ಕಾಂಪುರ್ ಶಟರಿನಲ್ಲಿ ಗಾಳಿಯ ಜಾಗಕ್ಕೆ ಹಲ್ಲುಚಕ್ರ ಬಂತು. ಅತಿ ವೇಗದ ಹೊಡೆತಕ್ಕೆ ಆ ಚಕ್ರಗಳ ಹಂಗಿಲ್ಲ. ನಿಧಾನದ್ದೆಲ್ಲ ಅವುಗಳ ಮೂಲಕವೇ ಹೋಗಬೇಕು. ದಶಕಗಳ ಹಿಂದೆ ಯಾರೋ ಹಾಕಿದ ಎಣ್ಣೆ ಅಲ್ಲಿ ಅಂಟಾಗಿ ಕೂತಿತ್ತು. ನಾನು ಅದರ ಮೇಲೆ ಇನ್ನಷ್ಟು ಎಣ್ಣೆ ಸುರಿದೆ. ಬೇಕಾಗಿದ್ದದ್ದು ಸೀಗೆಕಾಯಿ!

ಇಲ್ಲಿ ಸೀಗೆಕಾಯಿ ಎಂದರೆ ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾ. ಜಿಡ್ಡು ಕರಗಿಸುತ್ತದೆ, ಬೇಗ ಆರಿಹೋಗುತ್ತದೆ. ಬೆಂಕಿಯನ್ನೂ ಅಷ್ಟೇ ಬೇಗ ಹಿಡಿಯುತ್ತದೆ. ಹಾಗಾಗಿ ಕಿಟಕಿ ತೆರೆದು, ಒಲೆ ದೀಪಗಳಿಂದ ದೂರ ಕೂತೆ. ಮೊದಲು ಮುಂದಿನ ಗಾಜು ಬಿಚ್ಚಬೇಕು. ಎಲ್ಲಿ ನಿಂತಿತ್ತು ಅಂತ ಗುರುತು ಹಾಕಿಕೊಳ್ಳದೆ ಬಿಚ್ಚಿದರೆ ಫೋಕಸ್ ಹೋದಂತೆ. ಹಿಂದಿನ ಗಾಜನ್ನೂ ತೆಗೆದಿಟ್ಟೆ, ಇಲ್ಲದಿದ್ದರೆ ತೊಳೆದ ಜಿಡ್ಡೆಲ್ಲ ಅದರ ಮೇಲೆ ಮಂಜಿನ ಹಾಗೆ ಕೂರುತ್ತದೆ.

ಮುಚ್ಚಳ ತೆಗೆದೆ. ಉಗುರಿನಷ್ಟು ಜಾಗದಲ್ಲಿ ಸಾಲಾಗಿ ಹಿತ್ತಾಳೆ ಚಕ್ರಗಳು. ಕೊನೆಯಲ್ಲಿ ಎರಡು ಹಲ್ಲಿನ ಪುಟ್ಟ ತುಂಡೊಂದು, ಗಡಿಯಾರದಲ್ಲಿರುವಂಥದ್ದೇ. ಚಕ್ರ ಒಂದೇ ಸಲ ಓಡಿಬಿಡದ ಹಾಗೆ ಹಲ್ಲಿಗೊಂದು ಸಲ ತಡೆದು ತಡೆದು ಬಿಡುವುದು ಅದರ ಕೆಲಸ. ಅದರ ಬುಡದಲ್ಲಿ ಕಂದು ಬಣ್ಣದ ಮೇಣದಂಥ ಕೊಳೆ. ಕಡ್ಡಿಯ ತುದಿಯಿಂದ ನಾಫ್ತಾ ಮುಟ್ಟಿಸಿದೆ. ಲಿವರ್ ಎಳೆದು ಬಿಟ್ಟೆ. ಜರ್ರ್ರ್... ಟಕ್! ಎಂಥಾ ಸದ್ದು ಅಂತೀರಿ.

ಆರಿದ ಮೇಲೆ ಮತ್ತೆ ಸಿಕ್ಕಿಕೊಂಡಿತು. ಈ ಕೆಲಸದಲ್ಲಿ ಎಲ್ಲರೂ ಮೋಸ ಹೋಗುವುದು ಇಲ್ಲೇ. ಒದ್ದೆ ಇರುವಾಗ ಎಲ್ಲವೂ ಸಲೀಸು. ನಾಫ್ತಾ ಆರಿದರೂ ಅದರಲ್ಲಿ ಕರಗಿದ್ದ ಜಿಡ್ಡು ಎಲ್ಲಿಗೂ ಹೋಗಿರುವುದಿಲ್ಲ, ಬ್ಲೇಡುಗಳ ಮೇಲೆ ತೆಳುವಾಗಿ ಹರಡಿರುತ್ತದೆ. ತೊಳೆ, ಒರೆಸು, ಒಣಗಿಸು, ಮತ್ತೆ ತೊಳೆ. ನನಗೆ ಐದು ಸಲ ಬೇಕಾಯಿತು. ಐದನೇ ಸಲ ಹತ್ತಿಯಲ್ಲಿ ಕಂದು ಬಣ್ಣ ಕಾಣಲಿಲ್ಲ.

ಆಮೇಲೆ ಎಣ್ಣೆ ಹಾಕಿದೆ. ಹೌದು, ಎಣ್ಣೆಯೇ! ಗಡಿಯಾರದ ಎಣ್ಣೆ, ಸೂಜಿಯ ತುದಿಯಲ್ಲಿ ಕಂಡೂ ಕಾಣದಷ್ಟು, ಚಕ್ರಗಳ ಅಚ್ಚು ತಿರುಗುವ ತೂತಿಗೆ ಮಾತ್ರ. ಹಲ್ಲುಗಳಿಗೂ ಇಲ್ಲ, ಬ್ಲೇಡುಗಳ ಹತ್ತಿರವಂತೂ ಇಲ್ಲವೇ ಇಲ್ಲ.

ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ಎಷ್ಟು ಅಂತರ ಅಂತ ಅಳೆದೆ. ಒಂದು ಸೆಕೆಂಡ್ ಎಂಬುದು ಒಂದೂಕಾಲು ಸೆಕೆಂಡ್ ಬಂತು. ಮೂರನೇ ಒಂದು ಸ್ಟಾಪಿನಷ್ಟು ಬೆಳಕು ಜಾಸ್ತಿ (ಒಂದು ಸ್ಟಾಪ್ ಜಾಸ್ತಿ ಎಂದರೆ ಬೆಳಕು ಇಮ್ಮಡಿ). ನೆಗೆಟಿವ್ ಫಿಲ್ಮ್ ಅಷ್ಟನ್ನು ಆರಾಮಾಗಿ ತಾಳಿಕೊಳ್ಳುತ್ತದೆ. ಈ ವಯಸ್ಸಿಗೆ ಯಾರು ಸ್ವಲ್ಪ ತಡ ಮಾಡುವುದಿಲ್ಲ, ಅಲ್ವಾ?

ಸೆಲ್ಫ್ ಟೈಮರಿನ ಲಿವರ್ ಒಂದು ಇನ್ನೂ ಅಲ್ಲಾಡುತ್ತಿಲ್ಲ. ಹಳೇ ಶಟರುಗಳಲ್ಲಿ ಅದನ್ನು ಎಳೆದು ನೋಡುವ ಚಪಲದಿಂದಲೇ ಕ್ಯಾಮೆರಾ ಪೂರ್ತಿ ಕೈಕೊಟ್ಟದ್ದುಂಟು. ಅದನ್ನು ಮುಟ್ಟಿಲ್ಲ. ಹೊಲಿಗೆ ಮೆಷಿನ್ ಎಣ್ಣೆಯ ಬಾಟಲಿ ಮಾತ್ರ ಈಗ ಬೇರೆ ಕಪಾಟಿನಲ್ಲಿದೆ, ಅದೂ ಮೇಲಿನ ಅರೆಯಲ್ಲಿ.